ನಲವತ್ತೈದನೇ ಮನೆಯ ಬೀಗ

ಮೊದಲೇ ಹೇಳಿಬಿಡುತ್ತೇನೆ. ಜಕ್ಕೂರಿನ ರಕ್ತದ ಸರ್ವೆಯನ್ನು ಕೆಡಿಸಿದವಳು ನಾನು. ಮಿಷಿನ್ ಸರಿಯಿರಲಿಲ್ಲ ಎಂದು ಕೆಲವರು ಹೇಳುತ್ತಾರೆ, ಕಂಪ್ಯೂಟರ್ ತಪ್ಪು ಕೂಡಿಸಿತು ಎಂದು ಇನ್ನು ಕೆಲವರು. ಎರಡೂ ಸುಳ್ಳು. ಮಿಷಿನ್ ಸರಿಯಾಗಿತ್ತು, ಕಂಪ್ಯೂಟರ್ ನಾವು ಕೊಟ್ಟದ್ದನ್ನೇ ಕೂಡಿಸಿತು. ತಪ್ಪು ಮಾಡಿದ್ದು ನನ್ನ ಕೈ. ಆ ತಪ್ಪನ್ನು ಹಿಡಿದವಳೂ ನಾನೇ, ಸರಿ ಮಾಡಿದವಳೂ ನಾನೇ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಸ್ವಲ್ಪ ಇದೆ, ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ಈಗ ಈ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಡಿಗ್ರಿ ಮಾಡಿಕೊಂಡು ಬರುತ್ತಾರೆ. ಸಂಖ್ಯಾಶಾಸ್ತ್ರದ ಪುಸ್ತಕ ಬ್ಯಾಗಿನಲ್ಲಿ ಇರುತ್ತದೆ. ನಾನು ಓದಿದ್ದು ಐದನೇ ಕ್ಲಾಸು. ಆದರೆ ಪುಸ್ತಕದಲ್ಲಿ ಇರುವುದರ ಅರ್ಧವನ್ನು ಬೀದಿಯಲ್ಲಿ ಪೆಟ್ಟು ತಿಂದು ಕಲಿತಿದ್ದೇನೆ. ನೀವು ಅದೇ ಪೆಟ್ಟು ತಿನ್ನುವುದು ಬೇಡ ಎಂದು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಯಾರು ನನಗೆ ಶಾಲು ಹೊದಿಸಿದರು, ಅವೆಲ್ಲ ಇಲ್ಲಿ ಬರುವುದಿಲ್ಲ.

ನನ್ನ ಹೆಸರು ಪಿಳ್ಳಮ್ಮ. ಜಕ್ಕೂರಿನ ಹಳೇ ಊರಿನವಳು. ಈಗ ದೊಡ್ಡ ದೊಡ್ಡ ಅಪಾರ್ಟ್‌ಮೆಂಟು ನಿಂತಿರುವ ಜಾಗದಲ್ಲಿ ಆಗ ದ್ರಾಕ್ಷಿ ತೋಟಗಳು ಇದ್ದವು. ಮದುವೆಯಾದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಆ ತೋಟಗಳಲ್ಲಿ ದ್ರಾಕ್ಷಿ ಪೆಟ್ಟಿಗೆ ತುಂಬುವ ಕೆಲಸ ಮಾಡಿದೆ. ತೋಟಗಳು ಹೋದ ಮೇಲೆ, 2008ರಲ್ಲಿ, ಯಲಹಂಕದ ಕಡೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸರ್ವೆ ಕೆಲಸಕ್ಕೆ ಸೇರಿದೆ. ಊರು ಗೊತ್ತಿರುವ, ಮನೆ ಮನೆಗೆ ಹೋಗಲು ನಾಚಿಕೆ ಪಡದ ಹೆಂಗಸು ಬೇಕಿತ್ತು ಅವರಿಗೆ. ನಾಚಿಕೆ ನನಗೆ ಆಗಲೇ ಇರಲಿಲ್ಲ. 2019ರಲ್ಲಿ ಮಂಡಿ ಕೈಕೊಟ್ಟಿತು, ಬಿಟ್ಟೆ.

ಕೆಲಸ ಇಷ್ಟೇ. ಬ್ಯಾಗು ನೇತುಹಾಕಿಕೊಂಡು ಬಾಗಿಲು ತಟ್ಟುವುದು, ಒಪ್ಪಿಗೆ ಕೇಳುವುದು, ತೂಕ ನೋಡುವುದು, ಬೀಪಿ ನೋಡುವುದು, ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುವುದು, ಬರೆದುಕೊಳ್ಳುವುದು. ನಾವು ಬರೆದದ್ದರ ಮೇಲೆ ಡಾಕ್ಟರುಗಳು ಲೆಕ್ಕ ಹಾಕಿ, ಈ ಊರಿಗೆ ಏನು ಬೇಕು ಏನು ಬೇಡ ಎಂದು ತೀರ್ಮಾನ ಮಾಡುತ್ತಿದ್ದರು. ಕೊನೆಯ ಆ ಮಾತು ನನ್ನ ತಲೆಗೆ ಹೋಗಲು ವರ್ಷಗಳು ಬೇಕಾದವು. ಬರೆಯುವುದು ನನ್ನ ಕೆಲಸ, ಮಿಕ್ಕದ್ದು ಅವರ ಕೆಲಸ ಎಂದುಕೊಂಡಿದ್ದೆ.

ಮೊದಲ ಪೆಟ್ಟು ಬೀಪಿಯದು. ಆಗ ಪಾದರಸದ ಯಂತ್ರ. ಗಾಳಿ ತುಂಬಿ, ಬಿಟ್ಟು, ಪಾದರಸ ಇಳಿಯುವಾಗ ಕಿವಿಯಲ್ಲಿ ಸದ್ದು ಕೇಳಿದ ಗೆರೆಯನ್ನು ಬರೆಯಬೇಕು. ಆರು ತಿಂಗಳಾದ ಮೇಲೆ ಅಂಕಿಅಂಶದ ಮೇಡಂ ನನ್ನನ್ನು ಕರೆಸಿದರು. ಹೆಸರು ವಿಜಯಾ. ನನ್ನ ಮಗಳ ವಯಸ್ಸಿನವರು, ಡಾಕ್ಟರ್ ಅಲ್ಲ, ಡಾಕ್ಟರುಗಳಿಗೆ ಲೆಕ್ಕ ಕಲಿಸುವವರು.

"ಪಿಳ್ಳಮ್ನೋರೆ, ಒಂದ್ ವಿಷ್ಯ ಕೇಳ್ಲಾ? ನಿಮ್ಮೂರಲ್ಲಿ ಎಲ್ರ ಬೀಪಿನೂ ಸೊನ್ನೆ ಮೇಲೇ ನಿಲ್ಲುತ್ತಾ?"

"ಅಂಗಂದ್ರೆ?"

"ನೂರಿಪ್ಪತ್ತು, ನೂರಮೂವತ್ತು, ನೂರನಲವತ್ತು. ಇಷ್ಟೇ ಇದೆ ನಿಮ್ಮ ಫಾರಂಗಳಲ್ಲಿ. ಒಬ್ಬ್ರಿಗೂ ನೂರಮೂವತ್ತಾರು ಇಲ್ವಲ್ಲ."

"ಒಂದೆರಡು ಗೆರೆ ಆಕಡೆ ಈಕಡೆ ಆದ್ರೆ ಯಾರಪ್ಪನ ಗಂಟು ಓಗುತ್ತೆ ಮೇಡಂ?"

ಅವರು ನಗಲಿಲ್ಲ, ಬೈಯಲೂ ಇಲ್ಲ. "ನೂರನಲವತ್ತು ಮುಟ್ಟಿದ್ರೆ ರೋಗಿ ಅಂತ ನಾವು ಬರ್ಕೊಳ್ತೀವಿ. ನೂರಮೂವತ್ತಾರು ಇದ್ದೋಳನ್ನ ನೀವು ನೂರನಲವತ್ತು ಮಾಡಿದ್ರಿ. ಚೆನ್ನಾಗಿರೋ ಹೆಂಗಸನ್ನ ರೋಗಿ ಮಾಡಿದ್ರಿ. ನಾಲ್ಕು ಗೆರೇಲಿ."

ಎದ್ದು ಬಂದೆ. ಬೀಪಿ ಇಲ್ಲದವಳ ಹಣೆಗೆ ಬೀಪಿ ಅಂಟಿಸಲು ನಾನು ಯಾರು? ಮರುದಿನದಿಂದ ಕನ್ನಡಕ ಹಾಕಿಕೊಂಡು ಗೆರೆ ಎಣಿಸಿದೆ. ಒಂದು ತಿಂಗಳಾದ ಮೇಲೆ ಮೇಡಂ ನನ್ನ ಫಾರಂಗಳನ್ನು ಎತ್ತಿ ಉಳಿದವರಿಗೆ ತೋರಿಸಿದರು. ಅದರಲ್ಲಿ ಎರಡು, ನಾಲ್ಕು, ಆರು, ಎಂಟು ಎಲ್ಲವೂ ಇದ್ದವು. ಬೇರೆಯವರ ಫಾರಂಗಳಲ್ಲಿ ಇನ್ನೂ ಸೊನ್ನೆಯೇ ಸಾಲುಗಟ್ಟಿ ಕೂತಿತ್ತು.

ಆಮೇಲೆ ನಾನೇ ಹೋಗಿ ಕೇಳಿದೆ. "ಮೇಡಂ, ನೀವು ಡಾಕ್ಟರುಗಳಿಗೆ ಏಳಿಕೊಡ್ತೀರಲ್ಲ ಆ ಲೆಕ್ಕ, ನಾನೂ ಬಂದು ಕೂತ್ಕತೀನಿ." ವಾರಕ್ಕೊಂದು ದಿನ ಎಂ.ಡಿ. ಓದುವ ಹುಡುಗ ಹುಡುಗಿಯರಿಗೆ ಕ್ಲಾಸು ನಡೆಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತೆ. ನಮ್ಮ ವಿಭಾಗದ ದೊಡ್ಡ ಡಾಕ್ಟರು ಬಾಗಿಲಲ್ಲಿ ಇಣುಕಿ, "ಈಯಮ್ಮ ಯಾಕೆ ಇಲ್ಲಿ?" ಎಂದರು. ಒಳ್ಳೆಯ ಮನುಷ್ಯರು, ಆದರೆ ಅವಸರದವರು. ಊಟವನ್ನೂ ನಿಂತುಕೊಂಡೇ ಮಾಡುತ್ತಿದ್ದರು.

"ಅಂಕಿ ತರೋರು ಅವ್ರು ಸಾರ್. ನಾವು ಬರೀ ಕೂಡ್ಸೋರು," ಎಂದರು ವಿಜಯಾ ಮೇಡಂ. ದೊಡ್ಡ ಡಾಕ್ಟರು ತಲೆ ಅಲ್ಲಾಡಿಸಿ ಹೋದರು.

ಆ ದಿನ ಸರಾಸರಿಯ ಪಾಠ. ಹತ್ತು ಹೆಂಗಸರ ಸಕ್ಕರೆ ಅಂಶವನ್ನು ಬೋರ್ಡಿನ ಮೇಲೆ ಬರೆದಿದ್ದರು. ಒಂಬತ್ತು ಜನರದು ಸರಿಯಾಗಿತ್ತು, ಒಬ್ಬಳದು ಆಕಾಶಕ್ಕೆ ಏರಿತ್ತು. ಕೂಡಿಸಿ ಹತ್ತರಿಂದ ಭಾಗಿಸಿದ ಒಬ್ಬ ಹುಡುಗ ಎದ್ದು, "ಈ ಗುಂಪಿನ ಸರಾಸರಿ ಮಹಿಳೆಗೆ ಸಕ್ಕರೆ ಕಾಯಿಲೆಯ ಲಕ್ಷಣ ಇದೆ," ಎಂದ.

ನನಗೆ ತಡೆಯಲಿಲ್ಲ. "ಆ ಸರಾಸರಿ ಹೆಂಗಸು ಯಾವ ಮನೇಲವ್ಳೆ ಸಾರ್? ನಂಬರ್ ಕೊಡಿ, ನಾನೇ ಓಗಿ ನೋಡ್ಕಂಡ್ ಬರ್ತೀನಿ."

ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ನಗ್ಬೇಡಿ. ಅವ್ರು ಕೇಳಿದ್ದೇ ಪ್ರಶ್ನೆ. ಅಂಥ ಹೆಂಗಸು ಯಾವ ಮನೇಲೂ ಇಲ್ಲ," ಎಂದರು. ಆಮೇಲೆ ಹತ್ತು ಅಂಕಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, ನಡುವೆ ನಿಂತವರನ್ನು ನೋಡಿ ಎಂದರು. ನಡುವೆ ನಿಂತವರು ಚೆನ್ನಾಗಿಯೇ ಇದ್ದರು. ಕಾಯಿಲೆ ಇದ್ದದ್ದು ಕೊನೆಯಲ್ಲಿ ನಿಂತ ಒಬ್ಬಳಿಗೆ. ಅವಳನ್ನು ಸರಾಸರಿಯಲ್ಲಿ ಕರಗಿಸಿದರೆ ಅವಳಿಗೂ ಔಷಧಿ ಸಿಗುವುದಿಲ್ಲ, ಉಳಿದ ಒಂಬತ್ತು ಜನರಿಗೂ ಸುಮ್ಮನೆ ಗಾಬರಿ. ಇದನ್ನು ಅರ್ಥ ಮಾಡಿಕೊಳ್ಳಲು ಡಿಗ್ರಿ ಬೇಕಿಲ್ಲ. ಹತ್ತು ಹೆಂಗಸರನ್ನು ನೋಡಿರಬೇಕು, ಅಷ್ಟೇ. ಶೇಕಡಾ ಮಾತ್ರ ನನಗೆ ಬರುತ್ತಿರಲಿಲ್ಲ. ಅದನ್ನು ಮೊಮ್ಮಗಳ ಆರನೇ ಕ್ಲಾಸಿನ ಪುಸ್ತಕದಿಂದ ಕಲಿತೆ. ಅವಳು ನನಗೆ ಪರೀಕ್ಷೆ ಇಟ್ಟು, ತಪ್ಪಾದಾಗ ಬಸ್ಕಿ ಹೊಡೆಸಲು ನೋಡಿದಳು. ನಾನು ಒಪ್ಪಲಿಲ್ಲ.

ಕೆಲ ವರ್ಷ ಕಳೆದು ಕಾಗದ ಹೋಗಿ ಟ್ಯಾಬು ಬಂತು. ಕೈಯಲ್ಲಿ ಹಿಡಿಯುವ ಹಲಗೆ, ಬೆರಳಿಟ್ಟರೆ ಅಂಕಿ ಬೀಳುತ್ತದೆ. ದೊಡ್ಡ ಡಾಕ್ಟರು, "ಇನ್ನು ಯಾರೂ ನೋಟ್‌ಬುಕ್ ಇಟ್ಕೋಬಾರ್ದು, ಎರಡೆರಡು ಕಡೆ ಬರೆಯೋ ಕೆಲ್ಸ ಬೇಡ," ಎಂದರು. ಎಲ್ಲರೂ ಬಿಟ್ಟರು. ನಾನು ಬಿಡಲಿಲ್ಲ. ಬ್ಯಾಟರಿ ಸತ್ತರೆ ಕಪ್ಪಗಾಗುವ ವಸ್ತುವನ್ನು ನಾನು ನಂಬುವುದಿಲ್ಲ. ಉದ್ದನೆಯ ಗೆರೆ ನೋಟ್‌ಬುಕ್ಕನ್ನು ಬ್ಯಾಗಿನ ಅಡಿಯಲ್ಲಿ ಇಟ್ಟುಕೊಂಡು, ಯಾವ ಮನೆಯಲ್ಲಿ ಯಾರನ್ನು ನೋಡಿದೆ ಎಂದು ನನ್ನ ಗುರುತಿಗೆ ಒಂದು ಸಾಲು ಬರೆದುಕೊಳ್ಳುತ್ತಿದ್ದೆ. ಮಾತು ಕೇಳದ ಈ ಹಟವೇ ಮುಂದೆ ನನ್ನನ್ನು ಉಳಿಸಿತು.

ಈಗ ರಕ್ತದ ಸರ್ವೆಗೆ ಬರುತ್ತೇನೆ.

ಜಕ್ಕೂರಿನ ಹೆಂಗಸರಲ್ಲಿ ಎಷ್ಟು ಜನರಿಗೆ ರಕ್ತ ಕಡಿಮೆ ಇದೆ ಎಂದು ನೋಡಬೇಕಿತ್ತು. ಊರೊಳಗೆ ಕಾಲೇಜಿನವರು ಪ್ರತಿ ಗುರುವಾರ ಹೆಂಗಸರಿಗಾಗಿ ಒಂದು ಕ್ಲಿನಿಕ್ಕು ನಡೆಸುತ್ತಿದ್ದರು. ರಕ್ತ ನೋಡಿ ಕಬ್ಬಿಣದ ಮಾತ್ರೆ ಕೊಡುತ್ತಿದ್ದರು. ಅದು ಇನ್ನೂ ಬೇಕೇ, ಅಥವಾ ಮುಚ್ಚಿ ಬೇರೆ ಊರಿಗೆ ಒಯ್ಯಬಹುದೇ ಎಂದು ಈ ಸರ್ವೆ ಹೇಳಬೇಕಿತ್ತು.

ಎಲ್ಲ ಮನೆಯನ್ನೂ ನೋಡಲು ಆಗುವುದಿಲ್ಲ. ಅದಕ್ಕೆ ಮನೆಗಳಿಗೆ ನಂಬರು ಹಾಕಿದೆವು. ಒಂದರಿಂದ ಏಳರವರೆಗೆ ಚೀಟಿ ಬರೆದು ಮೇಡಂ ಒಂದನ್ನು ಎತ್ತಿಸಿದರು. ಮೂರು ಬಂತು. ಮೂರನೇ ಮನೆ, ಅಲ್ಲಿಂದ ಏಳು ದಾಟಿ ಹತ್ತು, ಆಮೇಲೆ ಹದಿನೇಳು, ಹೀಗೆ ಊರಿನ ಕೊನೆಯವರೆಗೆ. ಯಾರ ಮನೆಗೆ ಹೋಗಬೇಕು ಎನ್ನುವುದನ್ನು ಚೀಟಿ ಹೇಳುತ್ತದೆ, ನಾವು ಹೇಳುವಂತಿಲ್ಲ. ಮನೆಗೆ ಬೀಗ ಇದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು. ಆಗಲೂ ಸಿಗದಿದ್ದರೆ 'ಬೀಗ' ಎಂದು ಬರೆದು ಮುಂದೆ ಹೋಗಬೇಕು. ಪಕ್ಕದ ಮನೆಗೆ ಮಾತ್ರ ಹೋಗಕೂಡದು. ಮೇಡಂ ಇದನ್ನು ನಾಲ್ಕು ಸಲ ಹೇಳಿದ್ದರು. ನಾಲ್ಕು ಸಲವೂ ನಾನು ತಲೆಯಾಡಿಸಿದ್ದೆ.

ಮಾಡಿದ್ದೇನು? ಹಳೇ ಊರಿನ ಹಿಂದೆ ಒಂದೇ ಸಾಲಿನ ಬಾಡಿಗೆ ಮನೆಗಳಿವೆ. ನಾನು ಹೋದದ್ದು ಬೆಳಗ್ಗೆ ಹನ್ನೊಂದು ಗಂಟೆಗೆ. ನಲವತ್ತೈದನೇ ಮನೆಗೆ ಬೀಗ. ತಿರುಗಿದರೆ ನಲವತ್ತಾರನೇ ಮನೆ ಬಾಗಿಲಲ್ಲಿ ರತ್ನಮ್ಮ ನಿಂತಿದ್ದಾಳೆ. ಆ ಸಾಲಿನ ಮನೆಗಳೆಲ್ಲ ಅವಳವೇ. ನನ್ನ ಜೊತೆ ದ್ರಾಕ್ಷಿ ತೋಟ ಕಂಡವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು.

"ಏನ್ ಪಿಳ್ಳಕ್ಕ, ನಮ್ಮನೆ ದಾಟ್ಕಂಡ್ ಓಯ್ತಾ ಇದೀಯ? ನಮ್ ಮೈಯಾಗೆ ಅರೀತಿರೋದು ನೀರಾ?"

"ನಿನ್ ನಂಬರ್ ಬಂದಿಲ್ಲ ಕಣೆ."

"ನಂಬರಂತೆ ನಂಬರು. ಅರಿಶಿನ ಕುಂಕುಮಕ್ಕೆ ಕರ್ಯೋವಾಗ ಆರು ಮನೆ ಬಿಟ್ಟು ಏಳನೇ ಮನೆ ಕರೀತೀಯಾ ನೀನು? ಬೀದಿ ಜನ ನೋಡ್ತಾವ್ರೆ. ಬಾ ಒಳೀಕೆ, ಕಾಫಿಗಿಟ್ಟಿವ್ನಿ."

ನಮ್ಮ ಕಡೆ ಒಂದು ಮನೆಯನ್ನು ಕರೆದು ಪಕ್ಕದ ಮನೆಯನ್ನು ಬಿಟ್ಟರೆ ವರ್ಷಗಟ್ಟಲೆ ಮಾತು ನಿಲ್ಲುತ್ತದೆ. ನನ್ನ ಕಾಲು ತಾನಾಗಿ ಒಳಗೆ ಹೋಯಿತು. ಕಾಫಿ ಕುಡಿದೆ, ಅವಳ ಬೆರಳು ಚುಚ್ಚಿದೆ, ಟ್ಯಾಬಿನಲ್ಲಿ ನಲವತ್ತೈದು ಎಂದು ಒತ್ತಿದೆ. ಟ್ಯಾಬಿನಲ್ಲಿ ಹೆಸರು ಬರುವುದಿಲ್ಲ, ಮನೆ ನಂಬರು ಮತ್ತು ವಯಸ್ಸು ಮಾತ್ರ. ಒಪ್ಪಿಗೆಯ ಹಾಳೆಯಲ್ಲಿ ಹೆಸರು ಇರುತ್ತದೆ, ಗುಟ್ಟು ಹೊರಗೆ ಹೋಗಬಾರದು ಎಂದು ಅದನ್ನು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರೆ. ಯಾರಿಗೂ ಗೊತ್ತಾಗುವ ಮಾತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ನನ್ನ ಗುರುತಿಗೆ '45 ಬೀಗ, ರತ್ನಿ' ಎಂದು ಬರೆದುಕೊಂಡೆ.

ಒಂದು ಸಲ ಮಾಡಿದ ಮೇಲೆ ಎರಡನೆಯದು ಸುಲಭ. ಬೀಗ ಕಂಡಲ್ಲೆಲ್ಲ ಪಕ್ಕದ ಮನೆಗೆ ಹೋದೆ. ಪಟ್ಟಿಯಲ್ಲಿ ಒಂದು ಖಾಲಿ ಜಾಗವೂ ಇಲ್ಲದಂತೆ ಮುಗಿಸಿದೆ. ನನ್ನ ಜೊತೆಗಾರ್ತಿ ಶಾಹೀನಾಳ ಪಟ್ಟಿಯಲ್ಲಿ ಬೇಕಾದಷ್ಟು ಬೀಗಗಳಿದ್ದವು. ದೊಡ್ಡ ಡಾಕ್ಟರು ಎಲ್ಲರೆದುರು, "ನೋಡಿ ಕಲೀರಿ, ಪಿಳ್ಳಮ್ಮಂದು ಒಂದೂ ಮನೆ ಬಿಟ್ಟಿಲ್ಲ," ಎಂದರು. ಶಾಹೀನಾ ಮುಖ ಸಣ್ಣದಾಯಿತು. ನಾನು ನಿಂತು ಹೊಗಳಿಸಿಕೊಂಡೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಲೆಕ್ಕ ಬಂತು. ಜಕ್ಕೂರಿನ ಹೆಂಗಸರ ರಕ್ತ ಚೆನ್ನಾಗಿದೆ. ಗುರುವಾರದ ಕ್ಲಿನಿಕ್ಕಿಗೂ ಬರುವವರು ಕಡಿಮೆ. ಎರಡೂ ತಾಳೆಯಾಯಿತು. ಎರಡು ವಾರಕ್ಕೆ ಹೊರಗಿನಿಂದ ದೊಡ್ಡವರು ಬರುವ ಸಭೆ ಇತ್ತು. ಅಲ್ಲಿ ವರದಿ ಓದಿ, ಕ್ಲಿನಿಕ್ಕು ಮುಚ್ಚುವುದೆಂದು ಠರಾವು ಮಾಡುವವರಿದ್ದರು.

ಅದಾಗಿ ಎರಡು ದಿನಕ್ಕೆ ಬೆಳಗ್ಗೆ ಏಳು ಗಂಟೆಗೆ ನಾನು ಹಾಲು ತರಲು ಹೋಗಿದ್ದೆ. ಮುಖ್ಯರಸ್ತೆಯಲ್ಲಿ ಗಾರ್ಮೆಂಟ್ಸ್ ವ್ಯಾನು ನಿಲ್ಲುವ ಜಾಗದಲ್ಲಿ ಹೆಂಗಸರು ಗುಂಪಾಗಿ ಕೂಗಾಡುತ್ತಿದ್ದರು. ಒಬ್ಬಳು ಬವಳಿ ಬಂದು ಬಿದ್ದಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ. ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ನೀರು ಕುಡಿಸಿ ಎಬ್ಬಿಸಿದೆ.

"ಏನವ್ವ ನಿನ್ನೆಸ್ರು? ಬೆಳಗ್ಗೆ ಏನ್ ತಿಂದೆ?"

"ಸರೋಜ ಅಂತ. ತಿನ್ನಕ್ಕೆ ಟೈಮೆಲ್ಲಿ ಅಜ್ಜಿ, ವ್ಯಾನ್ ಬಂದ್ಬಿಡ್ತದೆ."

"ಗುರುವಾರ ಕ್ಲಿನಿಕ್ಕಿಗೆ ಬರ್ಬಾರ್ದಾ?"

"ಅದು ಅತ್ತು ಗಂಟೇಗೆ ತೆಗೀತದೆ. ಅತ್ತು ಗಂಟೇಲಿ ನಾನು ಮಿಷಿನ್ ಮುಂದೆ ಇರ್ತೀನಿ."

ಕೈ ಹಿಡಿದು ಮನೆಗೆ ಕರೆದುಕೊಂಡು ಹೋದೆ. ಅವಳು ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿದಳು. ಬಾಗಿಲ ಪಕ್ಕದ ಗೋಡೆಯ ಮೇಲೆ ನನ್ನದೇ ಕೈಬರಹದಲ್ಲಿ ನಂಬರು ಇತ್ತು. ನಲವತ್ತೈದು.

ಟ್ಯಾಬಿನಲ್ಲಿ ನಲವತ್ತೈದನೇ ಮನೆಯ ಹೆಂಗಸಿಗೆ ಒಳ್ಳೆಯ ರಕ್ತ ಇತ್ತು. ಅದೇ ಮನೆಯ ಹೆಂಗಸು ನನ್ನ ಹೆಗಲಿಗೆ ಒರಗಿ ನಿಂತಿದ್ದಳು.

ದ್ರಾಕ್ಷಿ ಪೆಟ್ಟಿಗೆ ತುಂಬುವಾಗ ನಾವು ಒಂದು ಕೆಲಸ ಮಾಡುತ್ತಿದ್ದೆವು. ಒಳ್ಳೆಯ ಗೊಂಚಲನ್ನು ಮೇಲೆ ಇಡುತ್ತಿದ್ದೆವು, ಉದುರಿದ್ದು ಮೆತ್ತಗಾದದ್ದು ತಳಕ್ಕೆ. ಅನುಭವ ಇರುವ ವ್ಯಾಪಾರಿ ಬಂದರೆ ಮೇಲೆ ನೋಡುತ್ತಲೇ ಇರಲಿಲ್ಲ, ತೋಳು ಮಡಿಸಿ ಕೈಯನ್ನು ನೇರ ಪೆಟ್ಟಿಗೆಯ ಅಡಿಗೆ ಹಾಕುತ್ತಿದ್ದ. ಇಪ್ಪತ್ತು ವರ್ಷ ಆ ಆಟ ಆಡಿದ ನಾನು, ಜಕ್ಕೂರಿನ ಮೇಲಿನ ಗೊಂಚಲನ್ನೇ ಎಣಿಸಿಕೊಂಡು ಬಂದಿದ್ದೆ. ಹಗಲು ಹನ್ನೊಂದಕ್ಕೆ ಮನೆಯಲ್ಲಿ ಇರುವ ಹೆಂಗಸು ಹೊತ್ತಿಗೆ ಸರಿಯಾಗಿ ಉಣ್ಣುವ ಹೆಂಗಸು. ಬೀಗ ಹಾಕಿಕೊಂಡು ಹೋದವಳು ಖಾಲಿ ಹೊಟ್ಟೆಯಲ್ಲಿ ಹೋದವಳು. ಬೀಗದ ಮನೆಗಳನ್ನೆಲ್ಲ ಬಿಟ್ಟರೆ ಊರಿಗೆ ಊರೇ ಚೆನ್ನಾಗಿ ಕಾಣುತ್ತದೆ.

ಅವತ್ತೇ ಹೋಗಿ ವಿಜಯಾ ಮೇಡಂಗೆ ಹೇಳಿದೆ. ಅವರ ಮುಖ ಬಿಳುಚಿಕೊಂಡಿತು. "ಎಷ್ಟ್ ಮನೆ ಪಿಳ್ಳಮ್ನೋರೆ? ಯಾವ್ಯಾವು ಅಂತ ನೆನಪಿದ್ಯಾ?"

"ನೆನಪ್ಯಾಕೆ?" ಎಂದು ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟೆ. ಪುಟ ತಿರುಗಿಸುತ್ತಾ ಹೋದ ಹಾಗೆ ಅವರ ಮುಖಕ್ಕೆ ರಕ್ತ ವಾಪಸು ಬಂತು. ಪ್ರತಿ ಬೀಗಕ್ಕೂ ಒಂದು ಸಾಲು ಇತ್ತು. ಯಾವ ಅಂಕಿ ನಿಜ, ಯಾವುದು ಪಕ್ಕದ ಮನೆಯದು ಎಂದು ಬೇರೆ ಮಾಡಬಹುದಿತ್ತು.

ಇಬ್ಬರೂ ದೊಡ್ಡ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿ ಕೆಂಪಾದರು.

"ಏನಮ್ಮಾ ನೀವು! ಮೂರ್ ತಿಂಗಳ ಕೆಲ್ಸ! ಇಷ್ಟು ವರ್ಷದ ಅನುಭವ ಇರೋರು ಹೀಗ್ ಮಾಡೋದಾ?"

"ಅನುಭವ ಇದ್ದಿದ್ದಕ್ಕೇ ಮಾಡ್ದೆ ಸಾರ್. ಒಸಬರು ಆಗಿದ್ರೆ ಎದರ್ಕಂಡು ಬೀಗ ಅಂತ ಬರೀತಿದ್ರು. ಶಾಹೀನಾ ಬರ್ದಿದ್ಲು."

"ನೀವು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಏಳಕ್ಕೆ ಬಂದೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಮೇಡಂ ಮೆಲ್ಲಗೆ, "ಸಾರ್, ಬೀಗದ ಮನೆಗಳನ್ನ ಮಾತ್ರ ಮತ್ತೆ ನೋಡಿದ್ರೆ ಸಾಕು. ಸಭೆಗೆ ಇನ್ನೂ ಹನ್ನೆರಡು ದಿನ ಇದೆ," ಎಂದರು.

"ಆಗುತ್ತಾ?" ಎಂದು ಡಾಕ್ಟರು ನನ್ನನ್ನು ನೋಡಿದರು.

"ಆಗದೇ ಇದ್ರೆ ನನ್ನ ಕೆಲ್ಸದಿಂದ ತೆಗೀರಿ. ಆದ್ರೆ ನಂದೊಂದು ಮಾತು. ಕ್ಲಿನಿಕ್ಕು ಮುಚ್ಚೋ ಕಾಗದಕ್ಕೆ ಅಲ್ಲೀವರ್ಗೂ ಸಹಿ ಆಕ್ಬೇಡಿ."

ಶಾಹೀನಾಳನ್ನು ಕಂಡು, "ಅವತ್ತು ಒಗಳಿಸ್ಕಂಡಿದ್ದು ನಿನ್ ಪಾಲಿಂದು ಕಣೆ," ಎಂದೆ. ಅವಳು, "ಅಮ್ಮೀ, ನಾನೂ ಬರ್ತೀನಿ. ನನ್ನ ಬೀಗಗಳೂ ಹಾಗೇ ಇವೆ. ಮೂರು ಸಲವೂ ಹಗಲಲ್ಲೇ ಹೋಗಿದ್ದೆ," ಎಂದಳು. ಅಂದರೆ ಅವಳದೂ ಪೂರ್ತಿ ಸರಿಯಿರಲಿಲ್ಲ. ಇಬ್ಬರೂ ಸೇರಿ ಬೆಳಗ್ಗೆ ಐದೂಮುಕ್ಕಾಲಿಗೆ ಹೊರಟೆವು.

ಎರಡನೇ ದಿನವೇ ಅವಳಿಗೆ ಸುಸ್ತು. "ಅಮ್ಮೀ, ಹೀಗ್ಯಾಕೆ ಒದ್ದಾಡ್ಬೇಕು? ಫ್ಯಾಕ್ಟರಿ ಗೇಟಲ್ಲಿ ನಿಂತ್ಕೊಳ್ಳೋಣ. ಅಲ್ಲಿ ಬರೋರೆಲ್ಲ ಗಾರ್ಮೆಂಟ್ಸ್ ಹೆಂಗಸ್ರೇ. ಒಂದೇ ದಿನಕ್ಕೆ ಮುಗಿಯುತ್ತೆ."

"ಗೇಟಲ್ಲಿ ಬರೋರು ಎಬ್ಬಾಳದೋರು, ಆರ್‌.ಟಿ. ನಗರದೋರು, ಯಾರ್ಯಾರೋ. ನಮ್ಗೆ ಚೀಟಿ ಏಳಿದ ಮನೆಯೋಳೇ ಬೇಕು. ಅವಳ ಬದ್ಲು ಅವಳಂಗೇ ಇರೋಳು ಆಗಲ್ಲ. ಅದನ್ನ ಮಾಡೇ ಕೆಟ್ಟಿದ್ದು ನಾನು."

ಹಾಗೆ ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ನಾಲ್ಕು ಸಲ ತಲೆಯಾಡಿಸಿ ಕೇಳಿದ್ದ ಪಾಠ ಈಗ ನನ್ನ ಬಾಯಲ್ಲಿ ಬಂದಿತ್ತು.

ಹೆಂಗಸರು ಬೈದರು, ನಕ್ಕರು. "ಕೋಳಿ ಕೂಗೋಕ್ ಮುಂಚೆ ರಕ್ತ ಈರಕ್ಕೆ ಬಂದ್ಬಿಟ್ಯಾ ಅಜ್ಜಿ?" ಎಂದಳು ಒಬ್ಬಳು, ಹಲ್ಲುಜ್ಜುತ್ತಲೇ ಬೆರಳು ಚಾಚಿ. ಒಲೆಯ ಮುಂದೆ ಕೂತವಳ ಬೆರಳನ್ನು ಕೂತಲ್ಲೇ ಚುಚ್ಚಿದೆ. ಮನೆಗೆಲಸಕ್ಕೆ ಹೋಗುವವಳೊಬ್ಬಳು ನಿಲ್ಲಲು ಒಪ್ಪಲಿಲ್ಲ, ಭಾನುವಾರ ಬಾ ಎಂದಳು, ಭಾನುವಾರ ಹೋದೆ. ಬೆಳಗ್ಗೆ ಸಿಗದವರನ್ನು ಸಂಜೆ ಆರೂವರೆಗೆ ವ್ಯಾನು ಇಳಿಯುವಾಗ ಹಿಡಿದು, ಅವರ ಹಿಂದೆಯೇ ಮನೆಗೆ ನಡೆದು ಹೋದೆ. ರತ್ನಮ್ಮ ದಿನವೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅವಳದನ್ನ ತಗಂಡ್ರೆ ನನ್ ರಕ್ತ ಏನಾಯ್ತು? ಚರಂಡಿಗಾಕಿದ್ಯಾ?"

"ನಿನ್ ರಕ್ತ ಚೆನ್ನಾಗದೆ ರತ್ನಿ. ಜಾಸ್ತೀನೇ ಚೆನ್ನಾಗದೆ. ಅದೇ ತೊಂದ್ರೆ."

ಹತ್ತನೇ ದಿನಕ್ಕೆ ಮುಗಿಯಿತು. ಆರು ಮನೆ ಬಿಟ್ಟು ಎಲ್ಲ ಬೀಗಗಳೂ ತೆರೆದವು. ಬೀಗದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತ ಕಡಿಮೆ ಇತ್ತು. ಹಗಲು ಮನೆಯಲ್ಲಿ ಸಿಕ್ಕವರಲ್ಲಿ ಅಂಥವರು ಅಲ್ಲೊಬ್ಬರು ಇಲ್ಲೊಬ್ಬರು.

ಆದರೂ ಮೇಡಂ ನನ್ನನ್ನು ಬಿಡಲಿಲ್ಲ. "ಇದು ಬರೀ ಆಕಸ್ಮಿಕ ಇರ್ಬಹುದಲ್ವಾ? ರಕ್ತ ಕಡಿಮೆ ಇರೋರು ಹೇಗೋ ಬೀಗದ ಮನೇಲೇ ಬಂದು ಸೇರ್ಕೊಂಡಿರ್ಬಹುದು. ಸಭೇಲಿ ಕೇಳ್ತಾರೆ."

"ನೀವೇ ಏಳಿ, ಎಂಗೆ ನೋಡೋದು?"

ಅವರು ಹೇಳಿದ ಉಪಾಯ ಕಂಪ್ಯೂಟರಿನದು. ನನಗೆ ಬೇಕಾದದ್ದು ಕೈಯಲ್ಲಿ ಹಿಡಿಯುವಂಥದ್ದು. ಮನೆಯಿಂದ ಹುಣಿಸೆ ಬೀಜ ತಂದೆ. ನಾವು ನೋಡಿದ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬೀಜ. ರಕ್ತ ಕಡಿಮೆ ಇದ್ದವರ ಬೀಜಕ್ಕೆ ಸುಣ್ಣದ ಬೊಟ್ಟು. ಎಲ್ಲವನ್ನೂ ಹಿಟ್ಟಿನ ಡಬ್ಬಕ್ಕೆ ಹಾಕಿ ಚೆನ್ನಾಗಿ ಕುಲುಕಿ, ಕಣ್ಣು ಮುಚ್ಚಿ, ಬೀಗ ತೆರೆದ ಮನೆಗಳು ಎಷ್ಟಿದ್ದವೋ ಅಷ್ಟು ಬೀಜ ತೆಗೆಯುವುದು. ಬೊಟ್ಟಿನವು ಎಷ್ಟು ಬಂದವು ಎಂದು ಎಣಿಸುವುದು, ಮತ್ತೆ ಡಬ್ಬಕ್ಕೆ ಹಾಕುವುದು. ಬರೀ ಅದೃಷ್ಟದ ಆಟವಾಗಿದ್ದರೆ, ಬೀಗದ ಮನೆಗಳಲ್ಲಿ ನಮಗೆ ನಿಜವಾಗಿ ಸಿಕ್ಕಷ್ಟು ಬೊಟ್ಟು ಆಗಾಗ ಕೈಗೆ ಬರಬೇಕು. ವಿಭಾಗದ ವರಾಂಡದಲ್ಲಿ ಚಾಪೆ ಹಾಕಿ, ಎರಡು ಮಧ್ಯಾಹ್ನ, ನೂರು ಸಲ ತೆಗೆದೆ. ಶಾಹೀನಾ ಬರೆದುಕೊಂಡಳು. ಎಂ.ಡಿ. ಹುಡುಗರು ಸುತ್ತ ನಿಂತು, "ಅಜ್ಜಿ ಚೌಕಾಬಾರ ಆಡ್ತಾವ್ರೆ," ಎಂದು ನಗುತ್ತಿದ್ದವರು ಐವತ್ತು ದಾಟಿದ ಮೇಲೆ ನಗು ನಿಲ್ಲಿಸಿ ತಾವೇ ಡಬ್ಬ ಕುಲುಕಿಕೊಟ್ಟರು. ನೂರರಲ್ಲಿ ಒಂದು ಸಲವೂ ಅಷ್ಟು ಬೊಟ್ಟು ಬರಲಿಲ್ಲ. ಹತ್ತಿರಕ್ಕೂ ಬರಲಿಲ್ಲ.

ಸಭೆಯ ದಿನ ನಾನು ಬಾಗಿಲ ಹತ್ತಿರ ಕೂತಿದ್ದೆ. ದೊಡ್ಡ ಡಾಕ್ಟರು ಹೊಸ ಲೆಕ್ಕವನ್ನು ಪರದೆಯ ಮೇಲೆ ತೋರಿಸಿದರು. ಹೊರಗಿನಿಂದ ಬಂದಿದ್ದ ತಲೆ ನರೆತ ಪ್ರೊಫೆಸರೊಬ್ಬರು ಕನ್ನಡಕ ತೆಗೆದು, "ನಿಮ್ಮ ಹಳೇ ವರದಿಯಲ್ಲಿ ಈ ಊರು ಚೆನ್ನಾಗಿತ್ತಲ್ಲ. ಹದಿನೈದು ದಿನದಲ್ಲಿ ಊರು ಬದಲಾಯಿತೇ?" ಎಂದು ಕೇಳಿದರು.

ನಮ್ಮ ಡಾಕ್ಟರು ಬೇಕಾದರೆ ನುಣುಚಿಕೊಳ್ಳಬಹುದಿತ್ತು. ನುಣುಚಿಕೊಳ್ಳಲಿಲ್ಲ. "ಅದನ್ನ ಹೇಳ್ಬೇಕಾದೋರು ಪಿಳ್ಳಮ್ಮನವರು. ಬನ್ನಿಮ್ಮಾ ಮುಂದಕ್ಕೆ," ಎಂದರು.

ಹೋದೆ. ಬಾಯಿ ಒಣಗಿರಲಿಲ್ಲ. ದ್ರಾಕ್ಷಿ ಪೆಟ್ಟಿಗೆಯಿಂದ ಶುರು ಮಾಡಿ, ರತ್ನಮ್ಮನ ಕಾಫಿ, ಸರೋಜಳ ಬೀಗದ ಕೈ, ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದು ಎರಡು ಸಲ ಹೇಳಿದೆ, ಕೇಳಿಸಲಿಲ್ಲ ಎಂದು ಯಾರೂ ಹೇಳಬಾರದಲ್ಲ.

"ಇದು ಆಕಸ್ಮಿಕ ಅಲ್ಲ ಅಂತ ಹೇಗೆ ಹೇಳ್ತೀರಿ?" ಎಂದರು ಪ್ರೊಫೆಸರು.

ಬ್ಯಾಗಿನಿಂದ ಹಿಟ್ಟಿನ ಡಬ್ಬ ತೆಗೆದು ಅವರ ಮುಂದೆ ಇಟ್ಟೆ. "ನೂರು ಸಲ ತೆಗ್ದಿವ್ನಿ ಸಾರ್. ನಂಬಿಕೆ ಇಲ್ದಿದ್ರೆ ನೂರಾ ಒಂದನೇದು ನೀವೇ ತೆಗೀರಿ."

ಅವರು ತೋಳು ಮಡಿಸಿ ನಿಜವಾಗಿಯೂ ಕೈ ಹಾಕಿದರು. ದ್ರಾಕ್ಷಿ ವ್ಯಾಪಾರಿಯ ಹಾಗೆ ಅಡಿಗೇ ಹಾಕಿದರು. ಒಂದೊಂದೇ ಬೀಜ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ಸುಣ್ಣದ ಬೊಟ್ಟುಗಳನ್ನು ಎಣಿಸಿದರು. ಪರದೆಯ ಮೇಲಿನ ಅಂಕಿಯ ಅರ್ಧವೂ ಬಂದಿರಲಿಲ್ಲ. "ಉಳಿದ ಆರು ಮನೆ?" ಎಂದರು.

"ಅವು ಬೀಗಾನೇ ಸಾರ್. ಬೀಗ ಅಂತಾನೇ ಬರ್ದಿವ್ನಿ."

ಪ್ರೊಫೆಸರು ನಮ್ಮ ಡಾಕ್ಟರ ಕಡೆ ತಿರುಗಿ, "ನನ್ನ ಪಾಠಕ್ಕೆ ಈ ಡಬ್ಬ ಬೇಕು," ಎಂದರು. ಸಭೆ ನಕ್ಕಿತು, ಆಮೇಲೆ ಚಪ್ಪಾಳೆ ಹೊಡೆಯಿತು. ನಾನು ಡಬ್ಬ ಕೊಡಲಿಲ್ಲ. ಮನೆಯಲ್ಲಿ ರಾಗಿ ಹಿಟ್ಟು ಹೊರಗೆ ಕೂತಿತ್ತು. ಬೀಜ ಮಾತ್ರ ಕಾಗದದಲ್ಲಿ ಕಟ್ಟಿ ಕೊಟ್ಟೆ.

ಕ್ಲಿನಿಕ್ಕು ಮುಚ್ಚಲಿಲ್ಲ. ಮುಚ್ಚದೆ ಇದ್ದದ್ದಷ್ಟೇ ಅಲ್ಲ, ಬಾಗಿಲು ತೆಗೆಯುವ ಹೊತ್ತೇ ಬದಲಾಯಿತು. ಗುರುವಾರ ಬೆಳಗ್ಗೆ ಆರು ಗಂಟೆಗೆ, ವ್ಯಾನು ಬರುವ ಮೊದಲು. ಅದೂ ಅಲ್ಲೇ, ಅದೇ ಸಭೆಯಲ್ಲಿ ಠರಾವಾಯಿತು. ನಮ್ಮ ಡಾಕ್ಟರು ನಿಂತುಕೊಂಡೇ ಬರೆದು ನಿಂತುಕೊಂಡೇ ಸಹಿ ಹಾ‌ಕಿದರು.

ಎಲ್ಲರೂ ಎದ್ದು ಕಾಫಿಗೆ ಹೋದ ಮೇಲೆ ವಿಜಯಾ ಮೇಡಂ ನನ್ನ ಮುಂದೆ ಏಳು ಚೀಟಿ ಮಡಿಸಿ ಹಾಕಿದರು. ಜಕ್ಕೂರಿನಲ್ಲೇ ಬೀಪಿಯ ಹೊಸ ಸರ್ವೆ, ಮನೆ ನಂಬರುಗಳು ಹಳೆಯವೇ. "ಎತ್ತಿ," ಎಂದರು. ಎತ್ತಿದೆ. ನಾಲ್ಕು.

ನಾಲ್ಕು, ಹನ್ನೊಂದು, ಹದಿನೆಂಟು ಎಂದು ಏಳೇಳು ಸೇರಿಸುತ್ತಾ ಹೋದೆ. ನಲವತ್ತಾರು ಬಂದಾಗ ನಗು ತಡೆಯಲಾಗಲಿಲ್ಲ.

ಮರುದಿನ ಬೆಳಗ್ಗೆ ಆರು ಗಂಟೆಗೆ ಬಾಡಿಗೆ ಮನೆಗಳ ಸಾಲಿನಿಂದಲೇ ಶುರು ಮಾಡಿದೆ. ನಲವತ್ತಾರನೇ ಮನೆಯ ಮುಂದೆ ನಿಂತರೆ ಬೀಗ. ನಲವತ್ತೈದರ ಬಾಗಿಲಲ್ಲಿ ಸರೋಜ ನೀರು ಹಾಕುತ್ತಿದ್ದಳು.

"ರತ್ನಮ್ಮೋರು ನಿನ್ನೆ ಮಗಳ ಮನೇಗೆ ಓದ್ರು ಅಜ್ಜಿ, ಮಾಕಳಿ ಊರಿಗೆ. ನಾಕ್ ದಿನ ಆಯ್ತದೆ. ನನ್ ಬೀಪೀನೇ ನೋಡ್ಕೋ, ವ್ಯಾನಿಗಿನ್ನೂ ಟೈಮದೆ. ಬಾ, ಕಾಫಿ ಕೊಡ್ತೀನಿ."

ಒಳಗೆ ಹೋದೆ. ಕಾಫಿ ಕುಡಿದೆ. ಅವಳು ಮುದ್ದೆ ಉಂಡು, ನಾನು ಕ್ಲಿನಿಕ್ಕಿನಿಂದ ತಂದುಕೊಟ್ಟಿದ್ದ ಕಬ್ಬಿಣದ ಮಾತ್ರೆ ನುಂಗುವವರೆಗೂ ಕೂತಿದ್ದೆ. ಬೀಪಿ ಯಂತ್ರವನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಹೊರಗೆ ಬಂದು ಟ್ಯಾಬಿನಲ್ಲೂ ನೋಟ್‌ಬುಕ್ಕಿನಲ್ಲೂ ಬರೆದೆ: ನಲವತ್ತಾರು, ಬೀಗ, ಮೊದಲ ಭೇಟಿ.